ಮಧ್ಯಾಹ್ನದ ನೀರು ನಂಬಿ ಕೆಟ್ಟೆ

ಊರಿನ ಕೊಳಚೆ ನೀರು ಶುದ್ಧವಾಗಿ ಹೊಳೆಗೆ ಸೇರುವ ಜಾಗ. ಶುದ್ಧೀಕರಣ ಘಟಕದಲ್ಲಿ ಬಿಒಡಿ (ಕೊಳಚೆ ಕೊಳೆಯುವಾಗ ನೀರಿನಿಂದ ಎಳೆದುಕೊಳ್ಳುವ ಆಮ್ಲಜನಕದ ಅಳತೆ) ಇನ್ನೂ ಇಳಿಸಿದರೆ ಮೀನು ಸಾಯೋದು ನಿಲ್ಲುತ್ತಾ? ಇದಿಷ್ಟೇ ಪ್ರಶ್ನೆ.

ನಾನು ಸ್ಟ್ರೀಟರ್-ಫೆಲ್ಪ್ಸ್ ಸಮೀಕರಣವನ್ನು ಎಕ್ಸೆಲ್‌ಗೆ ಹಾಕಿದೆ. 1925ರದ್ದು, ಅಮೆರಿಕದ ಒಹಾಯೊ ನದಿಗೆ ಮಾಡಿದ್ದು. ಕೊಳಚೆ ಆಮ್ಲಜನಕ ತಿನ್ನುತ್ತೆ, ಗಾಳಿಯಿಂದ ಮತ್ತೆ ಸೇರುತ್ತೆ, ಅಷ್ಟೇ ಅದರ ಲೆಕ್ಕ. ಫಲಿತಾಂಶ ಚೆನ್ನಾಗೇ ಬಂತು. ಮೀನು ಮಾತ್ರ ಸಾಯ್ತಾನೇ ಇತ್ತು.

ಸುಳಿವು ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಮಧ್ಯಾಹ್ನ ಎರಡೂವರೆಗೆ ಆಮ್ಲಜನಕ ಲೀಟರಿಗೆ 11 ಮಿಲಿಗ್ರಾಂ. 25 ಡಿಗ್ರಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳೋದು ಸುಮಾರು 8.3 ಮಾತ್ರ. ಉಳಿದದ್ದು ಎಲ್ಲಿಂದ ಬಂತು? ಪಾಚಿಯಿಂದ! ಹಗಲು ಕೊಡುವ ಪಾಚಿ ರಾತ್ರಿ ತಾನೇ ಉಸಿರಾಡುತ್ತೆ ಅಲ್ವಾ. ಮಾರನೇ ದಿನ ಕತ್ತಲಲ್ಲೇ ಟಾರ್ಚ್ ಹಿಡಿದು ಹೋದೆ. ಐದೂವರೆಗೆ ಮೀಟರ್ ತೋರಿಸಿದ್ದು 1.9. ಮೀನುಗಾರಿಕೆಗೆ ನಮ್ಮಲ್ಲಿ ಕನಿಷ್ಠ 4 ಇರಬೇಕು.

ಆಮೇಲೆ ಕ್ವಾಲ್2ಕೆ ಹಿಡಿದೆ, ಹೊಳೆ ನೀರಿನ ಗುಣಮಟ್ಟ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಅದು. ಪಾಚಿ, ಸಾರಜನಕ, ರಂಜಕ, ಹಗಲು-ರಾತ್ರಿ ಏರಿಳಿತ ಎಲ್ಲಾ ಅದರಲ್ಲಿದೆ. ಉಚಿತ ಕೂಡ. ಆದರೆ ಹರಿವು ಸ್ಥಿರ ಅಂತ ಅಂದುಕೊಳ್ಳುತ್ತೆ, ಹಾಗಾಗಿ ಮಳೆಗಾಲಕ್ಕೆ ಬಳಸಲಿಲ್ಲ. ಆಳದ ಕೆರೆಗಂತೂ ಬೇಡವೇ ಬೇಡ, ಮೇಲಿನ ನೀರಿಗೂ ತಳದ ನೀರಿಗೂ ಇರುವ ವ್ಯತ್ಯಾಸ ಅದಕ್ಕೆ ಕಾಣಲ್ಲ. ಒಂದು ವಾರದ ಅಳತೆಯಲ್ಲಿ ಹೊಂದಿಸಿ, ಇನ್ನೊಂದು ವಾರದ್ದರಲ್ಲಿ ಪರೀಕ್ಷಿಸಿದೆ.

ಬಿಒಡಿ ಅರ್ಧಕ್ಕೆ ಇಳಿಸಿ ಓಡಿಸಿದರೂ ಬೆಳಗಿನ ಜಾವದ ಅಂಕಿ ಹೆಚ್ಚು ಕದಲಲಿಲ್ಲ. ಪಾಚಿಗೆ ಗೊಬ್ಬರವಾಗುವ ರಂಜಕ ಇಳಿಸಿದಾಗ 4 ದಾಟಿತು. ವರದಿಯಲ್ಲಿ ಅದನ್ನೇ ಬರೆದೆ, ಐದೂವರೆಯ ಅಳತೆಯನ್ನು ಮೊದಲ ಪುಟದಲ್ಲೇ ಹಾಕಿದೆ.