ಮಳೆಗಾಲಕ್ಕೆ ಮುನ್ನ ನಾಯಿಗೊಂದು ದಬ್ಬೆ ಮಂಚ

ಆಗುಂಬೆ, ಹೊಸನಗರದ ಕಡೆ ಜೂನ್ ಕಳೆಯುವಷ್ಟರಲ್ಲಿ ಮನೆಯ ನೆಲ ಥಂಡಿ ಹಿಡಿಯುತ್ತದೆ. ಬರಿಗಾಲಲ್ಲಿ ನಿಲ್ಲಲು ನಾವೇ ಹಿಂಜರಿಯುವ ಆ ನೆಲದ ಮೇಲೆ ನಾಯಿ ರಾತ್ರಿಯಿಡೀ ಮಲಗಿರುತ್ತದೆ. ಒಂದು ಗೋಣಿಚೀಲ ಹಾಸಿದರೆ ಸಾಕೆಂದು ನಾನೂ ನಂಬಿದ್ದೆ. ಎರಡೇ ದಿನಕ್ಕೆ ಅದು ತೇವ ಹೀರಿ ಮುಗ್ಗಲು ನಾತ ಹೊಡೆಯುತ್ತಿತ್ತು. ನಮ್ಮ ಮುದಿ ಕರಿಯ ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತಿದ್ದ. ಮಲೆನಾಡಿನಲ್ಲಿ ನಾಯಿಯ ಹಾಸಿಗೆ ಮೊದಲು ನೆಲ ಬಿಟ್ಟು ಮೇಲೇಳಬೇಕು, ಮೆತ್ತಗಾಗುವುದು ಆಮೇಲೆ.

ನಾಯಿ ತಾನಾಗಿ ಎಲ್ಲಿ ಮಲಗುತ್ತದೆ ಎಂದು ಎರಡು ಮೂರು ದಿನ ಗಮನಿಸಿ. ಇರಚಲು ಹೊಡೆಯದ, ಮನೆಯವರು ಕಾಣುವ ಮೂಲೆಯಾದರೆ ಅದೇ ಇರಲಿ. ತೆರೆದ ಜಗಲಿ ಹಗಲಿಗೆ ಸರಿ, ರಾತ್ರಿಗೆ ಖಂಡಿತ ಬೇಡ. ಕಾಡಂಚಿನ ಮನೆಗಳಿಂದ ಚಿರತೆ ನಾಯಿಯನ್ನು ಹೊತ್ತೊಯ್ಯುವುದು ನಮ್ಮಲ್ಲಿ ಹೊಸದಲ್ಲ.

ಕಾಲು ಚಾಚಿ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ಅರ್ಧ ಅಡಿ ಸೇರಿಸಿ. ಆ ಉದ್ದಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಕತ್ತರಿಸಿ ಮೂರು ಅಡ್ಡ ರೀಪುಗಳ ಮೇಲೆ ಮೊಳೆ ಹೊಡೆಯಿರಿ. ನಡುವಿನ ಸಂದು ಗಾಳಿಯಾಡುವಷ್ಟಿರಲಿ, ಉಗುರು ಸಿಕ್ಕಿಕೊಳ್ಳುವಷ್ಟು ಬೇಡ. ನಾಲ್ಕು ಮೂಲೆಗೂ ಇಟ್ಟಿಗೆ ಕೊಡಿ. ನಾಲ್ಕು ಬೆರಳೆತ್ತರ ಸಾಕು, ಕೀಲು ಹಿಡಿದ ನಾಯಿ ಅದಕ್ಕಿಂತ ಮೇಲೆ ಹತ್ತಲಾರದು. ದಬ್ಬೆಯ ಸಿಬಿರು ಬಲು ಕೆಟ್ಟದ್ದು. ಕತ್ತಿಯಿಂದ ಹೆರೆದು, ಮರಳು ಕಾಗದದಿಂದ ಉಜ್ಜಿ, ಕೊನೆಗೆ ಅಂಗೈಯಿಂದ ಸವರಿ ನೋಡಿ. ಇಲ್ಲಿ ಅವಸರ ಮಾಡಬೇಡಿ.

ಹಾಸಿಗೆಗೆ ಹಳೆಯ ಹತ್ತಿ ಸೀರೆಯನ್ನು ಚೀಲದಂತೆ ಹೊಲಿದು ಒಣಹುಲ್ಲು ತುಂಬಿ. ಫೋಮ್ ಒಮ್ಮೆ ನೆನೆದರೆ ಮಳೆ ಮುಗಿಯುವವರೆಗೂ ಒಣಗದು. ಹುಲ್ಲು ಮುಗ್ಗಿದರೆ ಗೊಬ್ಬರಗುಂಡಿಗೆ ಸುರಿದು ಬೇರೆ ತುಂಬಬಹುದು. ಚೀಲ ಎರಡಿರಲಿ: ಒಂದು ಬಳಕೆಗೆ, ಇನ್ನೊಂದು ಬಚ್ಚಲ ಒಲೆಯ ಮೇಲಿನ ಗಳುವಿನಲ್ಲಿ ಒಣಗಲಿಕ್ಕೆ.

ವಾರಕ್ಕೊಮ್ಮೆ ಚೀಲವನ್ನು ಬಿಸಿನೀರಿನಲ್ಲಿ ಒಗೆಯಿರಿ. ದಬ್ಬೆಯ ಸಂದು, ಗೋಡೆಯ ಬಿರುಕುಗಳಲ್ಲಿ ಉಣುಗು ಅಡಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಆದ್ದರಿಂದ ಕಾಡು ಸುತ್ತಿ ಬಂದ ನಾಯಿಯ ಕಿವಿ, ಬೆರಳ ಸಂದುಗಳನ್ನು ಮಲಗುವ ಮುನ್ನ ನೋಡಿ. ಸಿಕ್ಕಿದ್ದನ್ನು ಚಿಮಟದಿಂದ ಕೀಳಿ, ಬರಿಗೈಯಲ್ಲಿ ಹೊಸಕಬೇಡಿ. ಬಟ್ಟೆಗೆ ಇಡುವ ನುಸಿಗುಳಿಗೆಯನ್ನು ಹಾಸಿಗೆಯಲ್ಲಿ ಇಡಲೇಬೇಡಿ, ಅದು ನಾಯಿಗೆ ವಿಷ.

ಹೊಸ ಮಂಚಕ್ಕೆ ನಾಯಿಯನ್ನು ಎತ್ತಿ ಕೂರಿಸಬೇಡಿ. ಅದರ ಹಳೆಯ ಗೋಣಿಯ ತುಂಡೊಂದನ್ನು ಒಣಗಿಸಿ ಮೇಲೆ ಹಾಸಿದರೆ ಸ್ವಂತ ವಾಸನೆ ಹಿಡಿದು ಬರುತ್ತದೆ. ಕರಿಯನಿಗೆ ನಾಲ್ಕು ರಾತ್ರಿ ಬೇಕಾಯಿತು.