ಸ್ಟೇನ್‌ಲೆಸ್ ಮಿಲ್ಲಿಂಗ್: ಕಟ್ಟರ್ ಸುಟ್ಟಿದ್ದು ಸ್ಪೀಡಿನಿಂದ ಮಾತ್ರ ಅಲ್ಲ

ಕುಶಾಲನಗರದ ನಮ್ಮ ವರ್ಕ್‌ಶಾಪಿಗೆ ಕಾಫಿ ಕೊಯ್ಲಿನ ಹೊತ್ತಿಗೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ರಿಪೇರಿ ಬರುತ್ತದೆ. ಈ ಸಲ 304 ಗ್ರೇಡ್ ಸ್ಟೇನ್‌ಲೆಸ್ ಪ್ಲೇಟಿನಲ್ಲಿ ಮಿಲ್ಲಿಂಗ್ ಮಷಿನ್‌ನಿಂದ ಸ್ಲಾಟ್ (ಉದ್ದನೆಯ ತೋಡು) ತೆಗೆಯಬೇಕಿತ್ತು. 10 ಮಿ.ಮೀ. ಹೈಸ್ಪೀಡ್ ಸ್ಟೀಲ್ ಎಂಡ್‌ಮಿಲ್ (ತಿರುಗುತ್ತಾ ಕತ್ತರಿಸುವ ಹಲ್ಲಿನ ಕಟ್ಟರ್) ಅರ್ಧ ಸ್ಲಾಟಿಗೇ ಬಿಸಿಗೆ ನೀಲಿಯಾಯಿತು. ಕಟ್ ಆದ ಜಾಗ ಗಾಜಿನಂತೆ ಹೊಳೆಯುತ್ತಿತ್ತು, ಮುಂದಿನ ಕಟ್ಟರ್ ಅಲ್ಲಿ ಜಾರುತ್ತಿತ್ತು.

ಮೈಲ್ಡ್ ಸ್ಟೀಲಿನ 1000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇಟ್ಟಿದ್ದೆ, ತಪ್ಪು. 550ಕ್ಕೆ ಇಳಿಸಿದೆ, ಆದರೂ ಮೊಂಡಾಯಿತು. ಹೆದರಿ ಕೈಯಲ್ಲಿ ಮೆಲ್ಲಗೆ ಫೀಡ್ ಕೊಟ್ಟೆ, ಅಂದರೆ ಟೇಬಲ್ಲನ್ನು ನಿಧಾನ ಸರಿಸಿದೆ. ಅದೇ ದೊಡ್ಡ ತಪ್ಪು. ಹಲ್ಲು ಕತ್ತರಿಸದೆ ಉಜ್ಜಿದರೆ ಸ್ಟೇನ್‌ಲೆಸ್ ಮೇಲ್ಮೈ ಗಟ್ಟಿಯಾಗುತ್ತದೆ. ಬ್ರಶ್ಶಿನಲ್ಲಿ ಎಣ್ಣೆ ಹಚ್ಚಿದ್ದೂ ಸುಮ್ನೆ.

ಕೊನೆಗೆ ಸರಿಹೋದದ್ದು ಹೀಗೆ. ಮೊದಲು ಟೇಬಲ್ಲಿನ ಸಡಿಲ ತೆಗೆದು, ಬೇಡದ ಸ್ಲೈಡ್ ಲಾಕ್ ಮಾಡಿದೆ. ಆಮೇಲೆ 10 ಮಿ.ಮೀ., 4 ಹಲ್ಲಿನ ಕೋಟೆಡ್ ಕಾರ್ಬೈಡ್ ಕಟ್ಟರ್, ಕೋಲೆಟ್‌ನಿಂದ (ಕಟ್ಟರ್ ಹಿಡಿಯುವ ಬುಶ್) ಆದಷ್ಟು ಕಡಿಮೆ ಹೊರಗೆ. ಕಾರ್ಬೈಡ್ ಹೈಸ್ಪೀಡ್ ಸ್ಟೀಲಿಗಿಂತ ಹೆಚ್ಚು ಬಿಸಿ ತಡೆಯುತ್ತದೆ, ಹಾಗಾಗಿ ಸ್ಪೀಡ್ 1800 ಆರ್‌ಪಿಎಂ, ಅಂದರೆ ಹಲ್ಲಿನ ತುದಿಯ ವೇಗ ನಿಮಿಷಕ್ಕೆ ಸುಮಾರು 57 ಮೀಟರ್. ಹಲ್ಲಿಗೆ 0.04 ಮಿ.ಮೀ.ನಂತೆ ಫೀಡ್ ನಿಮಿಷಕ್ಕೆ 288 ಮಿ.ಮೀ., ಅದೂ ಪವರ್ ಫೀಡಿನಲ್ಲೇ (ಕೈಯಲ್ಲಲ್ಲ, ಮೋಟರಿನಲ್ಲಿ). ಒಂದು ಸಲಕ್ಕೆ ಆಳ 1 ಮಿ.ಮೀ.; ಹಳೇ ಗಟ್ಟಿ ಪದರದ ಅಡಿಗೆ ಕಟ್ಟರ್ ಹೋಗಬೇಕಲ್ವಾ? ಕೂಲಂಟ್ ನಿಲ್ಲದೆ ಹರಿಯಬೇಕು, ಚಿಪ್ಸ್ (ಕತ್ತರಿಸಿದ ಲೋಹದ ಚೂರು) ಸ್ಲಾಟಿನಲ್ಲಿ ನಿಲ್ಲಬಾರದು. ಕಟ್ ನಡುವೆ ಫೀಡ್ ಮಾತ್ರ ನಿಲ್ಲಿಸಲೇಬೇಡಿ.

ಆಮೇಲೆ ಒಂದೇ ಕಟ್ಟರಿನಲ್ಲಿ ಆರು ಸ್ಲಾಟ್ ಮುಗಿಯಿತು.