ಹಳೇ ಕರಪತ್ರ ಮುಂದಿಟ್ಟುಕೊಂಡು

ನಮ್ಮ ವಾರ್ಡಿನಲ್ಲಿ ಪಕ್ಷದ ಕರಪತ್ರ ಬರೆಯುತ್ತಿದ್ದವನು ನಾನೇ. 2021ರಲ್ಲಿ ನಾವು ವಿರೋಧ ಪಕ್ಷ. ಬಿಬಿಎಂಪಿ, ಅಂದರೆ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿದಿತ್ತು, ಚುನಾವಣೆಯ ಸುಳಿವೇ ಇಲ್ಲ. ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸಬೇಕು ಎಂದು ಸರ್ಕಾರ ಹೇಳುತ್ತಿತ್ತು. ‘ಕುಣಿಯಲಾರದವರಿಗೆ ನೆಲ ಡೊಂಕು’ ಎಂದು ತಲೆಬರಹ ಕೊಟ್ಟು ಮನೆ ಮನೆಗೆ ಹಂಚಿದ್ದೆ.

2023ರ ಮೇನಲ್ಲಿ ನಮ್ಮವರೇ ಬಂದರು. 243 ಇದ್ದದ್ದು 225 ಆಯಿತು. ಆಮೇಲೆ ಪಾಲಿಕೆಯನ್ನೇ ಒಡೆದು ಹಲವು ಮಾಡುವ ಗ್ರೇಟರ್ ಬೆಂಗಳೂರು ಮಸೂದೆ. ಚುನಾವಣೆ ಮಾತ್ರ ಇಲ್ಲ. ಕೇಳಿದವರಿಗೆ ‘ಸುಧಾರಣೆಗೆ ಸಮಯ ಬೇಕಲ್ವಾ’ ಅನ್ನುತ್ತಿದ್ದೆ. ನಂಬಿಕೊಂಡೇ ಹೇಳುತ್ತಿದ್ದೆ.

2024ರಲ್ಲಿ ಒಂದು ಬೆಳಿಗ್ಗೆ, ಹನುಮಂತನಗರದ ದರ್ಶಿನಿಯಲ್ಲಿ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಸಿಕ್ಕರು. “ಆವತ್ತು ನೀನು ಕೊಟ್ಟ ಚೀಟಿ ಇನ್ನೂ ಇದೆ ಕಣಪ್ಪಾ. ಪಕ್ಷದ ಹೆಸರು ತಿದ್ದಿ ಮತ್ತೆ ಹಂಚಬಹುದಲ್ವಾ?” ಎಂದು ನಕ್ಕರು.

ರಾತ್ರಿ ಅದನ್ನೇ ಮಾಡಿದೆ. ಮೊದಲ ಸಾಲಾಗಿ ಬಂದದ್ದು ‘ಆ ಕಡೆಯವರೂ ಹೀಗೇ ಮಾಡಿದ್ದರು, ಆದರೆ’. ಹೊಡೆದುಹಾಕಿದೆ. ಏಟು ತಗಲದಿರಲಿ ಅಂತ ಮೊದಲೇ ಇಟ್ಟ ದಿಂಬು ಅದು. ಇನ್ನೊಂದು ಕಣ್ಣಿಗೆ ಬಿದ್ದದ್ದು ಕ್ರಿಯಾಪದ. ಹಳೆಯದರಲ್ಲಿ ‘ಸರ್ಕಾರ ಚುನಾವಣೆಯನ್ನು ಮುಂದೂಡಿದೆ’ ಎಂದಿತ್ತು. ಈಗ ನನ್ನ ಕೈ ಬರೆದದ್ದು ‘ಚುನಾವಣೆ ಮುಂದಕ್ಕೆ ಹೋಗಿದೆ’. ಅದಕ್ಕೇನು ಕಾಲು ಬಂದಿತ್ತಾ? ತಿದ್ದಿದೆ.

ಕಷ್ಟವಾದದ್ದು ಆಮೇಲೆ. ‘ಹೈಕೋರ್ಟ್ ಹೇಳಿದರೂ ಇವರು ಕೇಳಲಿಲ್ಲ’ ಎಂದು ಹಳೆಯದರಲ್ಲಿ ಬರೆದಿದ್ದೆ. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಎಂದದ್ದು ನಿಜ. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಜಾಗ ಸಾಲಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಿಟ್ಟಿದ್ದೆ. ಹೀಗೆ ನಮ್ಮವರ ತಪ್ಪು ಬರೆಯಲು ಕೂತವನು ನನ್ನ ಹಳೇ ಸುಳ್ಳನ್ನೂ ಬರೆಯಬೇಕಾಯಿತು. ಅದಕ್ಕೆ ಎರಡು ದಿನ ಹಿಡಿಯಿತು.

ಹಂಚುವ ಮುಂಚೆ ವಾರ್ಡ್ ಸಭೆಯಲ್ಲಿ ಓದಿದೆ. ಒಂದು ತಾರೀಖೂ ತಪ್ಪು ಎಂದು ಯಾರೂ ಹೇಳಲಿಲ್ಲ. ‘ಮನೆ ಜಗಳ ಬೀದಿಗೆ ಯಾಕಪ್ಪಾ?’ ಎಂದರು ಹಿರಿಯರು. ‘ಟೈಮಿಂಗ್ ಸರಿಯಿಲ್ಲ’ ಎಂದರು ಇನ್ನೊಬ್ಬರು. (ಟೈಮಿಂಗ್ ಸರಿ ಇದ್ದದ್ದು ಯಾವತ್ತು?) ಕೊನೆಗೆ ಪಕ್ಷದ ಹೆಸರಿಲ್ಲದೆ, ನನ್ನ ಹೆಸರು ಹಾಕಿ, ನನ್ನ ದುಡ್ಡಿನಲ್ಲಿ ಐನೂರು ಪ್ರತಿ ಅಚ್ಚು ಹಾಕಿಸಿದೆ. ಮೊದಲನೆಯದು ಮೇಷ್ಟ್ರಿಗೆ.

ಈಗ ಕರಪತ್ರ ಬರೆಯುವುದು ಬೇರೊಬ್ಬ ಹುಡುಗ. ಮೊನ್ನೆ ಫೋನ್ ಮಾಡಿದ್ದ. “ಅಣ್ಣಾ, ಅವಧಿ ಮುಗಿದದ್ದು ಯಾವ ತಾರೀಖು?”

2020 ಸೆಪ್ಟೆಂಬರ್ 10 ಎಂದೆ. ಸುಪ್ರೀಂ ಕೋರ್ಟ್ ತಡೆಯದ್ದೂ ಬರೆದುಕೋ ಎಂದೆ.

“ಜಾಗ ಇದ್ದರೆ ಹಾಕ್ತೀನಿ ಅಣ್ಣಾ” ಎಂದ.